ಕೋವಿಡ್ ಸಾಂಕ್ರಾಮಿಕದ ದಿನಗಳಲ್ಲಿ ವಿದ್ಯಾರ್ಥಿಯೊಬ್ಬರು ಕೇಳಿದ ಪ್ರಶ್ನೆ: ತರಗತಿಗಳೆಲ್ಲ ಆನ್‌ಲೈನ್ ಆದಮೇಲೆ ರಾತ್ರಿ ಎರಡಾದರೂ ನಿದ್ದೆ ಬರುತ್ತಿಲ್ಲ, ಮನಸ್ಸೂ ಕುಗ್ಗಿದೆ. ಏನು ಮಾಡಬೇಕು?

ಮಲಗುವ ಹೊತ್ತನ್ನಲ್ಲ, ಏಳುವ ಹೊತ್ತನ್ನು ಮೊದಲು ಸರಿಪಡಿಸಿ. ನಿದ್ದೆಯನ್ನು ಬಲವಂತವಾಗಿ ಬರಿಸಲಾಗದು, ಏಳುವುದು ಮಾತ್ರ ನಮ್ಮ ಕೈಯಲ್ಲಿದೆ.

ದೇಹದ ಒಳಗಡಿಯಾರಕ್ಕೆ ದಾರಿ ತೋರುವುದು ಬೆಳಗಿನ ಬೆಳಕು. ಮನೆಯೊಳಗೇ ಇದ್ದರೆ ಅದು ಸಿಗುವುದಿಲ್ಲ. ರಾತ್ರಿ ಮೊಬೈಲ್ ಬೆಳಕೂ ಸೇರಿದರೆ ನಿದ್ದೆ ದಿನೇ ದಿನೇ ತಡವಾಗುತ್ತದೆ. ಈಗ ಹತ್ತಕ್ಕೆ ಏಳುತ್ತಿದ್ದರೆ ಎರಡು ಮೂರು ದಿನಕ್ಕೊಮ್ಮೆ ಅಲಾರಂ ಅರ್ಧ ಗಂಟೆ ಮುಂಚೆ ಇಡಿ. ಎದ್ದ ಕೂಡಲೇ 20–30 ನಿಮಿಷ ತಾರಸಿಯಲ್ಲೋ ಬಾಲ್ಕನಿಯಲ್ಲೋ ಓಡಾಡಿ. ರಜಾದಿನವೂ ಅದೇ ಹೊತ್ತು. ಬಹಳಷ್ಟು ಜನ ಎಡವುವುದು ಇಲ್ಲೇ: ಭಾನುವಾರ ಮಧ್ಯಾಹ್ನದವರೆಗೆ ಮಲಗಿದರೆ ವಾರದ ಶ್ರಮವೆಲ್ಲ ನೀರುಪಾಲು.

ಹಾಸಿಗೆಯ ಮೇಲೆ ಕ್ಲಾಸ್ ಕೇಳಬೇಡಿ. ಹಾಗೆ ಮಾಡಿದರೆ ಹಾಸಿಗೆ ಎಂದರೆ ಎಚ್ಚರವಾಗಿರುವ ಜಾಗ ಎಂದು ಮಿದುಳು ಕಲಿತುಬಿಡುತ್ತದೆ. ಮಲಗಿ ಸುಮಾರು 20 ನಿಮಿಷ ಕಳೆದರೂ ನಿದ್ದೆ ಹತ್ತದಿದ್ದರೆ (ಗಡಿಯಾರ ನೋಡದೆ, ಅಂದಾಜಿನಲ್ಲಿ) ಎದ್ದು ಮಂದ ಬೆಳಕಿನಲ್ಲಿ ಕೂತಿದ್ದು, ತೂಕಡಿಕೆ ಬಂದಾಗ ಮರಳಿ. ಕುಡಿದ ಕಾಫಿಯಲ್ಲಿ ನಿದ್ದೆ ಓಡಿಸುವ ಅಂಶವಾದ ಕೆಫೀನ್ ಸುಮಾರು 5 ಗಂಟೆಯ ನಂತರವೂ ದೇಹದಲ್ಲಿ ಅರ್ಧದಷ್ಟು ಉಳಿದಿರುತ್ತದೆ, ಹಾಗಾಗಿ ಮಧ್ಯಾಹ್ನದ ಮೇಲೆ ಬೇಡ.

ಸೋಂಕಿನ ಸುದ್ದಿ ದಿನಕ್ಕೊಮ್ಮೆ ನೋಡಿದರೆ ಸಾಕು, ಅದೂ ಸಂಜೆಯೊಳಗೆ. ಪರೀಕ್ಷೆ, ಫೀಸು, ಮನೆಯವರ ಆರೋಗ್ಯ, ಏನೇ ಕಾಡಿದರೂ ಸಂಜೆ ಹಾಳೆಯ ಮೇಲೆ ಬರೆದು, ನಾಳೆ ಮಾಡಬಹುದಾದ ಒಂದು ಕೆಲಸವನ್ನು ಪಕ್ಕದಲ್ಲಿ ಗುರುತಿಸಿ. ಗೆಳೆಯರಿಗೆ ಮೆಸೇಜ್ ಬದಲು ಕರೆ ಮಾಡಿ, ದನಿ ಕೇಳಿದರೆ ಒಂಟಿತನ ತುಸು ಕರಗುತ್ತದೆ.

ಯಾವುದರಲ್ಲೂ ಆಸಕ್ತಿಯಿಲ್ಲದ ಸ್ಥಿತಿ ಎರಡು ವಾರ ಮುಂದುವರಿದರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಸುಳಿದರೆ ಕಾಯಬೇಡಿ, ಆ ಕ್ಷಣವೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಸಹಾಯವಾಣಿಗೆ ಕರೆ ಮಾಡಿ.