ಕುಮ್ಮಕ್ಕು ಯಾರದು?

ಅರಸೀಕೆರೆಯ ಓದುಗರೇ,

ನಿಮ್ಮೂರ ಸಭೆಯಲ್ಲಿ ಹಿರಿಯರೊಬ್ಬರು ‘ದೇವಸ್ಥಾನದ ಕೆಲಸಕ್ಕೆ ನಿಮ್ಮೆಲ್ಲರ ಕುಮ್ಮಕ್ಕು ಬೇಕು’ ಎಂದಾಗ ಹುಡುಗರು ಕಿಸಕ್ಕನೆ ನಕ್ಕರೆಂದು ಬರೆದಿದ್ದೀರಿ. ಹಿರಿಯರು ಹೇಳಿದ್ದು ತಪ್ಪೇ, ಕುಮ್ಮಕ್ಕಿಗೂ ಪ್ರಚೋದನೆಗೂ ಏನು ವ್ಯತ್ಯಾಸ ಎಂಬುದು ನಿಮ್ಮ ಪ್ರಶ್ನೆ.

ಮೂಲ ನೋಡಿದರೆ ತೀರ್ಪು ಹಿರಿಯರ ಪರವೇ. ಫಾರಸಿಯ ‘ಕುಮಕ್’ ಎಂದರೆ ನೆರವು, ಸೈನ್ಯಕ್ಕೆ ಹಿಂದಿನಿಂದ ಬಂದು ಕೂಡಿಕೊಳ್ಳುವ ಪಡೆ. ನಮ್ಮ ಸಕಲೇಶಪುರ, ಆಲೂರಿನ ಕಡೆ ಕಾಡಾನೆ ಹಿಡಿಯಲು ಲಾರಿಯಲ್ಲಿ ಬಂದಿಳಿಯುತ್ತವಲ್ಲ ಕುಮ್ಕಿ ಆನೆಗಳು, ಅವುಗಳ ಹೆಸರೂ ಇದೇ ಬಳಗದ್ದು. 2023ರ ಡಿಸೆಂಬರ್‌ನಲ್ಲಿ ಯಸಳೂರು ಬಳಿ ಕಾಡಾನೆಯೊಡನೆ ಕಾದಾಡಿ ಸತ್ತ ದಸರಾ ಆನೆ ಅರ್ಜುನ ಬಂದದ್ದು ಇಂಥ ನೆರವಿಗೇ. ಆನೆಗೆ ಉಳಿದ ಮರ್ಯಾದೆ ಕುಮ್ಮಕ್ಕಿಗೆ ಉಳಿಯಲಿಲ್ಲ. ಈಗ ಒಳ್ಳೆಯದಕ್ಕೆ ಬೆಂಬಲ, ಕೆಟ್ಟದ್ದಕ್ಕೆ ಕುಮ್ಮಕ್ಕು. ಹುಡುಗರು ನಕ್ಕದ್ದೂ ಸುಮ್ಮನೆ ಅಲ್ಲ.

ಪ್ರಚೋದನೆಯ ದಾರಿ ಬೇರೆ. ಅದು ಕೆರಳಿಸುವ ಕೆಲಸ. ಒಂದು ಭಾಷಣ ಸಾಕು, ಹೇಳಿದವನಿಗೂ ಕೇಳಿದವನಿಗೂ ಮುಖಪರಿಚಯ ಇರಬೇಕೆಂದಿಲ್ಲ. ಕುಮ್ಮಕ್ಕಿಗೆ ಬೆನ್ನ ಹಿಂದೆ ಒಬ್ಬ ಆಸಾಮಿ ಬೇಕೇಬೇಕು. ತೋಟದ ಗಡಿ ಜಗಳವನ್ನೇ ನೋಡಿ. ರಾತ್ರೋರಾತ್ರಿ ಕಲ್ಲು ಕಿತ್ತವನು ಕೂಲಿಯಾಳು. ‘ಕಿತ್ತು ಬಿಸಾಕು, ಸ್ಟೇಷನ್ನು ಗೀಷನ್ನು ಎಲ್ಲಾ ನಾನು ನೋಡ್ಕೋತೀನಿ’ ಎಂದವನು ಜಗಲಿಯಲ್ಲಿ ಎಲೆಅಡಿಕೆ ಮೆಲ್ಲುತ್ತ ಕೂತಿರುತ್ತಾನೆ. ಆ ‘ನಾನು ನೋಡ್ಕೋತೀನಿ’ ಇದೆಯಲ್ಲ, ಕುಮ್ಮಕ್ಕಿನ ತಿರುಳೇ ಅದು. ‘ನಿನ್ನ ಜಾಗಾನೇ ಒತ್ತಿದಾರಂತಲ್ಲೋ, ಸುಮ್ನಿದ್ದೀಯಾ?’ ಎಂದು ನಡುವೆ ಕಡ್ಡಿ ಆಡಿಸುವವನದು ಚಿತಾವಣೆ. ಅವನು ಏನನ್ನೂ ನೋಡಿಕೊಳ್ಳುವುದಿಲ್ಲ, ದೂರ ನಿಂತು ತಮಾಷೆ ನೋಡುತ್ತಾನೆ ಅಷ್ಟೆ.

ಕಾನೂನು ಇವೆಲ್ಲವನ್ನೂ ‘ದುಷ್ಪ್ರೇರಣೆ’ ಎಂಬ ಒಂದೇ ಚೀಲಕ್ಕೆ ತುಂಬುತ್ತದೆ. 1860ರ ದಂಡ ಸಂಹಿತೆಯ 107ನೇ ಕಲಮು ಅದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 45. ಎತ್ತಿಕಟ್ಟುವುದು, ಒಳಸಂಚಿನಲ್ಲಿ ಸೇರುವುದು, ಬೇಕೆಂದೇ ನೆರವಾಗುವುದು ಮೂರೂ ಅದರಲ್ಲಿ ಬರುತ್ತವೆ. ದೋಷಾರೋಪಪಟ್ಟಿಯ ಮಾತು ಬಂದರೆ ನಾವೂ ದುಷ್ಪ್ರೇರಣೆ ಎಂದೇ ಬರೆಯುತ್ತೇವೆ. ಉಳಿದ ಕಡೆ ಕುಮ್ಮಕ್ಕೇ ಚೆನ್ನ, ಬಾಯಿಗೂ ಹಗುರ.

ಆದರೆ ‘ಯಾರದೋ ಕುಮ್ಮಕ್ಕಿನಿಂದ ಕೂಲಿಕಾರರು ಧರಣಿ ಕೂತರು’ ಎಂಬಂಥ ವಾಕ್ಯ ಬಂದರೆ ನಾನು ವರದಿಯನ್ನು ಹಿಂದಕ್ಕೆ ಕಳಿಸುತ್ತೇನೆ. ಆ ‘ಯಾರೋ’ ಯಾರೆಂದು ಗೊತ್ತಿದ್ದರೆ ಬರೆಯಬೇಕು, ಇಲ್ಲದಿದ್ದರೆ ಬಿಡಬೇಕು. ಕೂಲಿ ಸಾಲದು ಎಂದು ಗೊತ್ತಾಗಲು ಕೂಲಿಕಾರರಿಗೆ ಇನ್ನೊಬ್ಬರು ಬಂದು ಹೇಳಬೇಕೆ?

— ಸಂಪಾದಕ