ಆರೋಗ್ಯಕ್ಕೆ ಒಳ್ಳೆಯದು ಅಂತ ತಿನ್ನುವುದರಲ್ಲಿ ಯಾವುದು ನಿಜವಾಗಿ ಒಳ್ಳೆಯದಲ್ಲ?

ಬೆಳಿಗ್ಗೆ ಗ್ರನೋಲಾ ಜೊತೆ ಕಿತ್ತಳೆ ಜ್ಯೂಸ್, ಮಧ್ಯಾಹ್ನ ಬ್ರೌನ್ ಬ್ರೆಡ್, ಸಂಜೆ ಸ್ಟ್ರಾಬೆರಿ ಮೊಸರು ಮತ್ತು ಶುಗರ್ ಫ್ರೀ ಬಿಸ್ಕತ್ತು. ಇಷ್ಟೆಲ್ಲ ಬದಲಾಯಿಸಿದರೂ ತೂಕ ಇಳಿಯುತ್ತಿಲ್ಲ, ಎಲ್ಲಿ ತಪ್ಪುತ್ತಿದೆ ಅಂತ ಕೇಳಿದ್ದೀರಿ. ಇವುಗಳಲ್ಲಿ ವಿಷ ಯಾವುದೂ ಅಲ್ಲ. ಆದರೆ ಮೊದಲು ಬಿಡಬೇಕಾದದ್ದು ಜ್ಯೂಸ್.

250 ಮಿ.ಲೀ. ಕಿತ್ತಳೆ ರಸಕ್ಕೆ ಮೂರು ಹಣ್ಣಾದರೂ ಬೇಕು. ಅದರಲ್ಲಿ 20ರಿಂದ 25 ಗ್ರಾಂ ಸಕ್ಕರೆ ಇರುತ್ತದೆ, ಅಷ್ಟೇ ಕೋಲಾದಲ್ಲಿ ಇರುವುದಕ್ಕೆ ಹೆಚ್ಚುಕಡಿಮೆ ಸಮ. ವಿಟಮಿನ್ ಸಿಕ್ಕರೂ ನಾರೆಲ್ಲ ಸೋಸುವಾಗಲೇ ಹೋಯಿತು. ಮೂರು ಹಣ್ಣು ಬಿಡಿಸಿ ತಿಂದರೆ ಹೊಟ್ಟೆ ತುಂಬುತ್ತದೆ, ರಸ ಕುಡಿದರೆ ಹಸಿವು ಇದ್ದ ಹಾಗೇ ಇರುತ್ತದೆ. 'ಸಕ್ಕರೆ ಸೇರಿಸಿಲ್ಲ' ಅನ್ನುವ ಮಾತು ನಿಜವಾದರೂ ಲೆಕ್ಕ ಬದಲಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಹಣ್ಣಿನ ರಸ ಮತ್ತು ಜೇನಿನಲ್ಲಿರುವ ಸಕ್ಕರೆಯನ್ನೂ ಮಿತಿಯೊಳಗೇ ಎಣಿಸುತ್ತದೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಆ ಮಿತಿ 50 ಗ್ರಾಂ, 25ರೊಳಗಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಒಂದು ಲೋಟಕ್ಕೇ ಆ 25 ಹತ್ತಿರ ಹತ್ತಿರ ಮುಗಿಯಿತು.

ಗ್ರನೋಲಾದಲ್ಲಿ ಓಟ್ಸ್ ತಪ್ಪೇನೂ ಇಲ್ಲ. ಓಟ್ಸ್‌ಗೆ ಎಣ್ಣೆ, ಜೇನು ಅಥವಾ ಸಕ್ಕರೆ ಪಾಕ ಕಲಸಿ ಬೇಯಿಸಿದಾಗಲೇ ಅದು ಗರಿಗರಿ ಆಗುವುದು. ಹಾಗಾಗಿ 100 ಗ್ರಾಂಗೆ ಸುಮಾರು 450 ಕ್ಯಾಲೊರಿ. ಪ್ಯಾಕೆಟ್ ಮೇಲಿನ ಕ್ಯಾಲೊರಿ ಕಡಿಮೆ ಕಾಣುವುದು ಅದು 30–45 ಗ್ರಾಂನ ಲೆಕ್ಕ ಆದ್ದರಿಂದ. ನಾಳೆ ಒಂದು ಕೆಲಸ ಮಾಡಿ: ಅಡುಗೆಮನೆ ತಕ್ಕಡಿ ಮೇಲೆ ಖಾಲಿ ಬಟ್ಟಲಿಟ್ಟು ಸೊನ್ನೆಗೆ ತನ್ನಿ, ದಿನಾ ಹಾಕಿಕೊಳ್ಳುವಷ್ಟೇ ಸುರಿಯಿರಿ. 90 ಗ್ರಾಂ ತೋರಿಸಿದರೆ ಹಾಲು ಬೀಳುವ ಮೊದಲೇ 400 ಕ್ಯಾಲೊರಿ ಆಯಿತು. 40 ಗ್ರಾಂ ಸಾದಾ ಓಟ್ಸ್ ನೀರಲ್ಲಿ ಬೇಯಿಸಿದರೆ ಅದೇ ಬಟ್ಟಲು 150 ಕ್ಯಾಲೊರಿಗೆ ತುಂಬುತ್ತದೆ. ಅಗಿಯಲು ಏನಾದರೂ ಬೇಕೆನಿಸಿದರೆ ಗ್ರನೋಲಾ ಒಂದೆರಡು ಚಮಚ ಮೇಲೆ ಉದುರಿಸಿಕೊಳ್ಳಿ.

ಸ್ಟ್ರಾಬೆರಿ ಮೊಸರಿಗೆ ಚಿಕ್ಕ ಲೆಕ್ಕವೊಂದಿದೆ. 150 ಗ್ರಾಂ ಕಪ್ಪಿನ ಮೇಲೆ ಒಟ್ಟು ಸಕ್ಕರೆ 18 ಗ್ರಾಂ ಅಂತಿದೆ ಅಂದುಕೊಳ್ಳಿ. ಹಾಲಿನದೇ ಸಕ್ಕರೆ 100 ಗ್ರಾಂಗೆ ನಾಲ್ಕರಿಂದ ಐದು ಗ್ರಾಂ, ಅಂದರೆ ಇಲ್ಲಿ 6–7. ಅದನ್ನು ಕಳೆದರೆ ಉಳಿಯುವ ಸುಮಾರು 11 ಗ್ರಾಂ ಬಹುಪಾಲು ಮೇಲಿಂದ ಹಾಕಿದ್ದು, ಮೂರು ಟೀ ಚಮಚದ ಹತ್ತಿರ. ಸಪ್ಪೆ ಮೊಸರಿಗೆ ನೀವೇ ಹಣ್ಣು ಹೆಚ್ಚಿ ಹಾಕಿಕೊಳ್ಳಿ. 'ಲೋ ಫ್ಯಾಟ್' ಅಂತಿದ್ದರೆ ಈ ಲೆಕ್ಕ ತಪ್ಪದೇ ಮಾಡಿ. ಕೊಬ್ಬು ತೆಗೆದಾಗ ಹೋಗುವ ರುಚಿಯನ್ನು ಎಷ್ಟೋ ಸಲ ಸಕ್ಕರೆಯಿಂದ ತುಂಬಿರುತ್ತಾರೆ.

ಬ್ರೆಡ್ಡಿನ ಬಣ್ಣ ನಂಬಬೇಡಿ, ಕ್ಯಾರಮೆಲ್ ಹಾಕಿದರೂ ಕಂದು ಬರುತ್ತದೆ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ, ಆದ್ದರಿಂದ ಮೊದಲ ಹೆಸರು ಇಡೀ ಗೋಧಿಯದೇ ಆಗಿರಬೇಕು. 'ಸಂಸ್ಕರಿಸಿದ ಗೋಧಿ ಹಿಟ್ಟು' ಅಂದರೆ ಮೈದಾ. ನಾರು 100 ಗ್ರಾಂಗೆ 6 ಗ್ರಾಂ ಇದ್ದರೆ ಧೈರ್ಯವಾಗಿ ತನ್ನಿ. ಇದೇ ಪಟ್ಟಿಯಲ್ಲಿ ಡೆಕ್ಸ್‌ಟ್ರೋಸ್, ಮಾಲ್ಟ್ ಸಿರಪ್, ಜೇನು, ಹಣ್ಣಿನ ರಸದ ಸಾಂದ್ರ ಅಂತ ಬೇರೆ ಬೇರೆ ಇದ್ದರೆ ಎಲ್ಲವನ್ನೂ ಸಕ್ಕರೆ ಅಂತಲೇ ಓದಿ. ಹಾಗೆ ಬಿಡಿಬಿಡಿಯಾಗಿ ಹಾಕಿದಾಗ ಪ್ರತಿಯೊಂದೂ ಪಟ್ಟಿಯ ಕೆಳಗಡೆ ಸರಿಯುತ್ತದೆ.

ಶುಗರ್ ಫ್ರೀ ಬಿಸ್ಕತ್ತಿನಲ್ಲಿ ಹಿಟ್ಟು, ಕೊಬ್ಬು ಎಲ್ಲಿಗೂ ಹೋಗಿಲ್ಲ. ಸಿಹಿಗೆ ಮಾಲ್ಟಿಟಾಲ್ ಹಾಕಿದ್ದರೆ ಅದಕ್ಕೂ ಗ್ರಾಂಗೆ ಎರಡು ಕ್ಯಾಲೊರಿ ಮೇಲಿದೆ, ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯೂ ಆಗಬಹುದು. ಮಾಲ್ಟೋಡೆಕ್ಸ್‌ಟ್ರಿನ್ ಅನ್ನುವ ಹೆಸರು ಕಂಡರೆ ಮಧುಮೇಹ ಇರುವವರು ಎಚ್ಚರವಾಗಿರಬೇಕು. ಪಿಷ್ಟದಿಂದ ಮಾಡುವ ಆ ಪುಡಿ ಅಷ್ಟೇನೂ ಸಿಹಿ ಇಲ್ಲದಿದ್ದರೂ ರಕ್ತದ ಸಕ್ಕರೆಯನ್ನು ಗ್ಲೂಕೋಸ್‌ನಷ್ಟೇ ಬೇಗ ಏರಿಸುತ್ತದೆ. ಸಕ್ಕರೆಯ ಸಾಲನ್ನಲ್ಲ, ಒಟ್ಟು ಕಾರ್ಬೊಹೈಡ್ರೇಟ್ ಸಾಲನ್ನು ನೋಡಿ.

ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಮಾತ್ರ ಜ್ಯೂಸ್ ಪೂರ್ತಿ ಖಾಲಿ ಮಾಡಬೇಡಿ. ರಕ್ತದ ಸಕ್ಕರೆ ತೀರಾ ಇಳಿದು ಬೆವರು, ನಡುಕ ಬಂದಾಗ 150 ಮಿ.ಲೀ. ಜ್ಯೂಸ್ ತಕ್ಷಣ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಜ್ಯೂಸಿನ ಸಕ್ಕರೆ ಬೇಗ ರಕ್ತ ಸೇರುತ್ತದೆ, ಆಗ ಬೇಕಾಗಿರುವುದೇ ಆ ವೇಗ.