ಆ ನಾಲ್ಕನೇ ದಿನ ಏನಾಯಿತು?

ನಮಸ್ಕಾರ.

ಐದು ತಿಂಗಳಿಗೆ ಮಗು ಕಳೆದುಕೊಂಡವಳ ಬಗ್ಗೆ ನೀವು ಕಳಿಸಿದ ಕಥೆ ಓದಿದೆ. ಭಾಷೆ ಚೆನ್ನಾಗಿದೆ, ಯಾರೂ ಮಾತಾಡದ ವಿಷಯ ಎತ್ತಿಕೊಂಡಿದ್ದೂ ಸಂತೋಷ. ಆದರೆ ಎರಡು ಕಡೆ ನನಗೆ ಸಿಟ್ಟು ಬಂತು. ಅದನ್ನೇ ಬರೆಯುತ್ತೇನೆ.

‘ನಾಲ್ಕನೇ ದಿನ ಆಫೀಸಿಗೆ ಹೊರಟಳು. ಬಾಡಿದ ಮೊಗ್ಗಿನಂತೆ ಅವಳ ಎದೆ ಬರಿದಾಗಿತ್ತು.’

ಮೊಗ್ಗು ಹಾಗಿರಲಿ. ಎದೆ ಬರಿದಾಗುವುದಿಲ್ಲ ಕಣ್ರೀ, ತುಂಬುತ್ತದೆ. ಐದು ತಿಂಗಳಿಗೆ ಹೋದರೂ, ಮಾಸು ಬಿದ್ದು ಎರಡು ಮೂರು ದಿನಕ್ಕೆ ಹಾಲು ಇಳಿಯಬಹುದು. ಮಗು ಇಲ್ಲ ಅಂತ ಮೈಗೆ ಗೊತ್ತಾಗುವುದಿಲ್ಲ. ಎದೆ ಕಲ್ಲಾಗುತ್ತದೆ, ರವಿಕೆ ಒದ್ದೆಯಾಗುತ್ತದೆ. ಹಾಲು ಬತ್ತಲಿ ಅಂತ ದಕ್ಷಿಣದ ಕಡೆ ಎದೆಗೆ ಮಲ್ಲಿಗೆ ಹೂ ಕಟ್ಟುವ ರೂಢಿಯಿದೆ. ಮುಡಿಯಬೇಕಾದ ಹೂವು! ಸರಿಯಾಗಿ ಎದೆ ತುಂಬುವ ಹೊತ್ತಿಗೇ ನೀವು ಅವಳನ್ನು ಆಫೀಸಿಗೆ ಕಳಿಸಿದ್ದೀರಿ. ಗರ್ಭಪಾತವಾದರೆ 6 ವಾರ ಸಂಬಳದ ರಜೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಕಾನೂನಿನಲ್ಲೇ ಇದೆ. ಮತ್ತೆ ಯಾಕೆ ಹೋದಳು? ರಜೆ ಕೇಳಲು ನಾಚಿಕೆಯಾಯಿತಾ? ‘ಇನ್ನೂ ವಯಸ್ಸಿದೆ, ಮುಂದೆ ಆಗುತ್ತೆ ಬಿಡು’ ಅನ್ನುವವರ ಕಾಟ ತಡೆಯಲಾಗಲಿಲ್ಲವಾ? ನಿಮ್ಮ ಕಥೆ ಇರುವುದೇ ಅಲ್ಲಿ.

ಇನ್ನು ಕೊನೆ. ‘ಆರು ತಿಂಗಳ ಮೇಲೆ ಮತ್ತೆ ವಾಕರಿಕೆ ಬಂತು. ದುಃಖವೆಲ್ಲ ಕರಗಿತು.’

ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುವಾಗ ನಾನೂ ಹೀಗೇ ಬರೆದಿದ್ದೆ. ಬಸಿರು ಕಳೆದುಕೊಂಡ ಪಕ್ಕದ ಮನೆಯ ಅಕ್ಕನ ಬಗ್ಗೆ. ‘ಈಗ ಚೇತರಿಸಿಕೊಂಡಿದ್ದಾರೆ’ ಅಂತ ಮುಗಿಸಿದ್ದೆ. ಹಿರಿಯ ಉಪಸಂಪಾದಕರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, “ಇದನ್ನ ಅವರೇ ಹೇಳಿದ್ರಾ?” ಅಂದರು. ನಾನು ಕೇಳಿಯೇ ಇರಲಿಲ್ಲ. ಹೋಗಿ ಕೇಳಿದೆ. ಅಕ್ಕ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ, “ಉಳಿದಿದ್ರೆ ಇವತ್ತಿಗೆ ಮೂವತ್ತೊಂದು ವಾರ ಆಗಿರೋದು” ಅಂದರು. ಒಳಗೊಳಗೇ ಎಣಿಸುತ್ತಲೇ ಇದ್ದರು.

ನಿಮ್ಮವಳಿಗೂ ಡಾಕ್ಟರು ಬರೆದುಕೊಟ್ಟ ಹೆರಿಗೆ ತಾರೀಖು ಒಂದಿತ್ತು. ಆ ಆರು ತಿಂಗಳ ನಡುವೆಯೇ ಅದು ಬಂದು ಹೋಗಿದೆ, ನೀವು ನೋಡಲೇ ಇಲ್ಲ. ಬ್ರಿಟನ್ನಿನಲ್ಲಿ 13,000ಕ್ಕೂ ಹೆಚ್ಚು ಗರ್ಭಿಣಿಯರನ್ನು ಗಮನಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಹಿಂದೆ ಮಗು ಕಳೆದುಕೊಂಡವರಲ್ಲಿ, ಆಮೇಲೆ ಆರೋಗ್ಯವಾದ ಮಗು ಹುಟ್ಟಿ ಎರಡೂವರೆ ವರ್ಷ ದಾಟಿದರೂ ಖಿನ್ನತೆಯ ಲಕ್ಷಣ ಜಾಸ್ತಿಯೇ ಕಂಡಿತ್ತು. ವಾಕರಿಕೆ ಬಂದರೆ ಅವಳು ಸುಮ್ನೆ ನಗುವುದಿಲ್ಲ. ಬಚ್ಚಲಿಗೆ ಹೋದಾಗಲೆಲ್ಲ ರಕ್ತ ಇದೆಯಾ ಅಂತ ನೋಡುತ್ತಾಳೆ.

ಕೊನೆಯ ಪುಟ ತೆಗೆದುಬಿಡಿ. ಆ ತಾರೀಖಿನ ದಿನ ಬೆಳಿಗ್ಗೆ ಎದ್ದು ಅವಳು ಏನು ಮಾಡಿದಳು, ಅದನ್ನು ಬರೆದು ಕಳಿಸಿ. ಕಾಯುತ್ತೇನೆ.